ಒಳಗೆ ಹೋಗದ್ದು ಹೊರಗೆ ಬರುವುದೆಲ್ಲಿಂದ?

ಫೆಬ್ರವರಿ ಹತ್ತಿರ ಬಂತೆಂದರೆ ನಮ್ಮಲ್ಲಿ ನೆನಪಿನ ಶಕ್ತಿಗೆ ಗಿರಾಕಿ ಜಾಸ್ತಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ರಾತ್ರಿ ಬಾದಾಮಿ ನೆನೆಹಾಕುತ್ತಾರೆ, ವಾರಕ್ಕೆರಡು ಸಲ ಒಂದೆಲಗದ ತಂಬುಳಿ ಮಾಡುತ್ತಾರೆ, ಔಷಧಿ ಅಂಗಡಿಯಲ್ಲಿ ಬ್ರಾಹ್ಮಿಯ ಹೆಸರು ಹೊತ್ತ ಸಿರಪ್ಪುಗಳು ಮುಂದಿನ ಸಾಲಿಗೆ ಬಂದು ಕೂರುತ್ತವೆ. 'ಓದ್ತಾನೆ, ಆದ್ರೆ ತಲೇಲಿ ನಿಲ್ಲಲ್ಲ' ಎಂಬುದು ಮನೆಮನೆಯ ದೂರು. ತಂಬುಳಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ, ಬೇಸಿಗೆಗೆ ಅದರಷ್ಟು ಹಿತವಾದದ್ದು ಬೇರೊಂದಿಲ್ಲ. ತಕರಾರಿರುವುದು ಆ ದೂರಿನ ಬಗ್ಗೆ. 'ನಿಲ್ಲಲ್ಲ' ಎಂಬ ಎರಡನೆಯ ಅರ್ಧಕ್ಕೆ ಊರೆಲ್ಲ ಮದ್ದು ಹೇಳುತ್ತದೆ. 'ಓದ್ತಾನೆ' ಎಂಬ ಮೊದಲರ್ಧ ಎಷ್ಟು ನಿಜ ಎಂದು ಕೇಳುವವರು ಕಡಿಮೆ. ಪುಸ್ತಕ ತೆರೆದಿರುತ್ತದೆ, ಕಣ್ಣು ಸಾಲಿನ ಮೇಲಿರುತ್ತದೆ. ಪಕ್ಕದಲ್ಲಿ ಮೊಬೈಲು ಮಿನುಗುತ್ತಿರುತ್ತದೆ, ಹಜಾರದಲ್ಲಿ ಧಾರಾವಾಹಿಯ ಅತ್ತೆ ಕಿರುಚುತ್ತಿರುತ್ತಾಳೆ. ನಾವು ಮರೆವು ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಮರೆವೇ ಅಲ್ಲ. ಅದು ಒಳಗೆ ಹೋಗಿಯೇ ಇರುವುದಿಲ್ಲ.

ಇದು ನನ್ನ ಊಹೆಯ ಮಾತಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫರ್ಗಸ್ ಕ್ರೇಕ್ ಎಂಬ ಮನಶ್ಶಾಸ್ತ್ರಜ್ಞರು ಹಲವು ದಶಕ ನೆನಪಿನ ಬೆನ್ನು ಹತ್ತಿ ಕೆಲಸ ಮಾಡಿದ್ದಾರೆ. ಅವರು ಮತ್ತು ಅವರ ಮೂವರು ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸರಣಿಯೊಂದು ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಹಿಂದಿರುಗಿ ನೋಡುವ ಮೈಲಿಗಲ್ಲು. ಪ್ರಯೋಗ ಸರಳವಾಗಿತ್ತು. ಬಂದವರಿಗೆ ಒಂದಷ್ಟು ಪದಗಳನ್ನು ಕೇಳಿಸುವುದು, ಆಮೇಲೆ ನೆನಪಾದಷ್ಟನ್ನು ಹೇಳಿಸುವುದು. ಇದರ ಜೊತೆಗೆ ಇನ್ನೊಂದು ಕೆಲಸ: ಪರದೆಯ ಮೇಲೆ ನಾಲ್ಕು ಚೌಕಗಳಿವೆ, ಯಾವುದೋ ಒಂದರಲ್ಲಿ ಚುಕ್ಕೆಯಂಥ ಗುರುತು ಮೂಡುತ್ತದೆ, ತಕ್ಷಣ ಅದಕ್ಕೆ ಸೇರಿದ ಗುಂಡಿ ಒತ್ತಬೇಕು. ಒತ್ತಿದೊಡನೆ ಗುರುತು ಇನ್ನೊಂದು ಚೌಕಕ್ಕೆ ಹಾರುತ್ತದೆ. ಬಿಡುವಿಲ್ಲದ ಕೆಲಸ. ಪ್ರಯೋಗದ ಜಾಣತನವಿದ್ದದ್ದು ಈ ಕಾಟವನ್ನು ಯಾವಾಗ ಕೊಡಬೇಕು ಎನ್ನುವಲ್ಲಿ. ಕೆಲವು ಸಲ ಪದಗಳನ್ನು ಕೇಳುವಾಗ ಕೊಟ್ಟರು, ಕೆಲವು ಸಲ ಅವನ್ನು ನೆನೆಸಿಕೊಂಡು ಹೇಳುವಾಗ ಕೊಟ್ಟರು.

ಎರಡೂ ಒಂದೇ ತಾನೇ, ಎರಡರಲ್ಲೂ ಮನಸ್ಸು ಹಂಚಿಹೋಗುತ್ತದಲ್ಲ ಎಂದು ಯಾರಾದರೂ ಎಣಿಸುತ್ತಾರೆ. ಹಾಗಾಗಲಿಲ್ಲ. ಕೇಳುವ ಹೊತ್ತಿಗೆ ಗುಂಡಿ ಒತ್ತಿದವರ ನೆನಪು ನೆಲಕಚ್ಚಿತು. ಹೇಳುವ ಹೊತ್ತಿಗೆ ಒತ್ತಿದವರ ನೆನಪಿಗೆ ಹೆಚ್ಚೇನೂ ಧಕ್ಕೆಯಾಗಲಿಲ್ಲ. ಅವರು ಗುಂಡಿ ಒತ್ತುವುದು ಮಾತ್ರ ಬಹಳ ನಿಧಾನವಾಯಿತು. ಅಂದರೆ ಹೊರಗೆ ತೆಗೆಯುವುದಕ್ಕೂ ಶ್ರಮವಿದೆ, ಆದರೆ ಆ ಶ್ರಮದ ಬೆಲೆಯನ್ನು ತೆರುವುದು ಪಕ್ಕದ ಕೆಲಸ. ಇನ್ನೂ ಒಂದು ಸಂಗತಿ ಇದೆ. ಕೇಳುವಾಗ 'ಪದಗಳಿಗೇ ಹೆಚ್ಚು ಗಮನ ಕೊಡಿ' ಎಂದರೆ ನೆನಪು ಏರುತ್ತಿತ್ತು, 'ಗುಂಡಿಗೆ ಹೆಚ್ಚು ಕೊಡಿ' ಎಂದರೆ ಇಳಿಯುತ್ತಿತ್ತು. ಹೇಳುವಾಗ ಈ ಸೂಚನೆಗಳಿಂದ ನೆನಪಿಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ಒಳಗೆ ಹಾಕುವುದು ನಮ್ಮ ಹಿಡಿತದಲ್ಲಿದೆ. ಹೊರಗೆ ಬರುವುದು, ಒಮ್ಮೆ ಶುರುವಾದರೆ, ತನ್ನ ಪಾಡಿಗೆ ತಾನು ಬರುತ್ತದೆ.

ಪರೀಕ್ಷೆಯ ದಿನ ಮನೆಯಲ್ಲಿ ಯಾರೂ ಸೀನಬಾರದು, ಗೇಟಿನ ಸದ್ದಾಗಬಾರದು ಎಂದು ಕಾಯುವ ಹಿರಿಯರನ್ನು ನೋಡಿದ್ದೇನೆ. ಅದೇ ಹಿರಿಯರು ಡಿಸೆಂಬರಿನ ರಾತ್ರಿಗಳಲ್ಲಿ ಮಗಳು ಓದುವ ಕೋಣೆಯಲ್ಲೇ ಕ್ರಿಕೆಟ್ ಹಾಕಿಕೊಂಡು ಕೂತಿರುತ್ತಾರೆ. ಲೆಕ್ಕ ತಲೆಕೆಳಗಾಗಿದೆ.

ಹಾಗಾದರೆ ಗಮನವಿಲ್ಲದೆ ಕಣ್ಣು ಕಿವಿಯ ಮೇಲೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ ಎನ್ನುವುದು ಹೆಚ್ಚುಕಡಿಮೆ ಸರಿಯಾದ ಉತ್ತರ. 1959ರಲ್ಲಿ ನೆವಿಲ್ ಮೊರೇ ಎಂಬಾತ ಜನರ ಎರಡು ಕಿವಿಗೆ ಎರಡು ಬೇರೆ ಧ್ವನಿಗಳನ್ನು ಕೇಳಿಸಿ, ಒಂದು ಕಿವಿಯಲ್ಲಿ ಬರುವುದನ್ನು ಬರುತ್ತಿದ್ದಂತೆಯೇ ಗಟ್ಟಿಯಾಗಿ ಹೇಳುತ್ತ ಹೋಗಿ ಎಂದಿದ್ದರು. ಇನ್ನೊಂದು ಕಿವಿಗೆ ಒಂದು ಚಿಕ್ಕ ಪದಪಟ್ಟಿಯನ್ನು ಮತ್ತೆ ಮತ್ತೆ, 35 ಸಲದವರೆಗೆ, ಹಾಕುತ್ತಿದ್ದರು. ಆಮೇಲೆ ಕೇಳಿದರೆ ಆ ಪದಗಳು ಬಂದಿದ್ದವೆಂಬ ಸುಳಿವೂ ಅವರಿಗಿರಲಿಲ್ಲ. ಕಿವುಡರಾಗಿರಲಿಲ್ಲ, ತಮ್ಮ ಹೆಸರನ್ನು ಆ ಕಡೆಯಿಂದ ಕರೆದರೆ ಮೂವರಲ್ಲೊಬ್ಬರು ಗುರುತಿಸುತ್ತಿದ್ದರು. ಆದರೆ ಬರೀ ಪುನರಾವರ್ತನೆ ಏನನ್ನೂ ನೆಡಲಿಲ್ಲ. ಉರು ಹೊಡೆಯುವುದರಲ್ಲಿ ನಂಬಿಕೆಯಿಟ್ಟವರು ಈ 35 ಎಂಬ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಕಣ್ಣಿನದೂ ಇದೇ ಕಥೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2003ರಲ್ಲಿ, ಕಾರು ಓಡಿಸುವ ಅನುಭವ ಕೊಡುವ ಯಂತ್ರದಲ್ಲಿ ಜನರನ್ನು ಕೂರಿಸಿ, ಕೆಲವರಿಗೆ ಫೋನಿನಲ್ಲಿ ಮಾತಾಡಲು ಬಿಟ್ಟರು. ಫೋನು ಕೈಯಲ್ಲಿರಲಿಲ್ಲ, ಕೈಗಳೆರಡೂ ಬಿಡುವಾಗಿದ್ದವು. ಕಣ್ಣು ಎಲ್ಲಿ ನೆಟ್ಟಿದೆ ಎಂದು ಹಿಡಿಯುವ ಉಪಕರಣವೂ ಇತ್ತು. ದಾರಿಬದಿಯ ಫಲಕಗಳ ಮೇಲೆ ಅವರ ಕಣ್ಣು ನಿಂತಿದ್ದು ದಾಖಲಾಯಿತು. ಆಮೇಲೆ ಆ ಫಲಕಗಳನ್ನು ತೋರಿಸಿದಾಗ, ಮಾತಾಡುತ್ತಿದ್ದವರು ಗುರುತು ಹಿಡಿದದ್ದು ಮಾತಾಡದೆ ಓಡಿಸಿದವರಿಗಿಂತ ಬಹಳ ಕಡಿಮೆ. ನೋಡಿದ್ದರು, ಕಂಡಿರಲಿಲ್ಲ. ಬ್ಲೂಟೂತ್ ಸಿಕ್ಕಿಸಿಕೊಂಡರೆ ಅಪಾಯವಿಲ್ಲ ಎಂದು ವಾದಿಸುವ ಮಿತ್ರರಿಗೆ ನಾನು ಹೇಳುವುದು ಇದನ್ನೇ. ತೊಡಕು ಕೈಯಲ್ಲಿ ಇರಲೇ ಇಲ್ಲ.

ಗಮನ ಮತ್ತು ನೆನಪು ಒಂದೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅದಕ್ಕೆ ಸಾಕ್ಷಿ ಹೆನ್ರಿ ಮೊಲೈಸನ್. ಅಪಸ್ಮಾರದ ಕಾಟಕ್ಕೆ 1953ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್, ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ತೆಗೆದರು. ಆಮೇಲೆ ಮೊಲೈಸನ್ 2008ರವರೆಗೆ ಬದುಕಿದರು, ಆದರೆ ಹೊಸ ಘಟನೆ ಯಾವುದೂ ಅವರೊಳಗೆ ನಿಲ್ಲಲಿಲ್ಲ. ಅವರನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಒಮ್ಮೆ 584 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲು ಹೇಳಿದರು. ಮೊಲೈಸನ್ ಅಂಕಿಗಳನ್ನು ಕೂಡುತ್ತ, ಕಳೆಯುತ್ತ, ತಮ್ಮದೇ ಒಂದು ಸುತ್ತುಲೆಕ್ಕ ಕಟ್ಟಿಕೊಂಡು ಕಾಲು ಗಂಟೆ ಆ ಸಂಖ್ಯೆಯನ್ನು ಹಿಡಿದಿಟ್ಟುಕೊಂಡರು. ಮಾತು ಬೇರೆ ಕಡೆ ಹೊರಳಿದ್ದೇ ತಡ, ಸಂಖ್ಯೆಯೂ ಹೋಯಿತು, ಸಂಖ್ಯೆಯೊಂದನ್ನು ಕೊಟ್ಟಿದ್ದರು ಎಂಬ ಅರಿವೂ ಹೋಯಿತು. ಅವರಲ್ಲಿ ಗಮನವಿತ್ತು, ದಾಸ್ತಾನು ಮಾಡುವ ಯಂತ್ರ ಇರಲಿಲ್ಲ. ನಮ್ಮಲ್ಲಿ ಯಂತ್ರ ಸರಿಯಾಗಿದೆ, ಅದಕ್ಕೆ ಸರಕು ತಲುಪಿಸುವುದು ಗಮನದ ಕೆಲಸ.

ಹಾಗಿದ್ದರೆ ಅರೆಗಮನದಲ್ಲಿ ನಾವು ಏನನ್ನೂ ಕಲಿಯುವುದೇ ಇಲ್ಲವೇ? ಕಲಿಯುತ್ತೇವೆ, ಆದರೆ ಬೇರೆ ಜಾಗದಲ್ಲಿ. 2006ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಕರಿನ್ ಫೋರ್ಡ್ ಮತ್ತು ಜೊತೆಗಾರರು ಒಂದು ಆಟ ಆಡಿಸಿದರು. ಪರದೆಯ ಮೇಲೆ ಕೆಲವು ಚೀಟಿಗಳು ಬರುತ್ತವೆ, ಅವನ್ನು ನೋಡಿ ಇವತ್ತು ಮಳೆಯೋ ಬಿಸಿಲೋ ಎಂದು ಊಹಿಸಬೇಕು, ಸರಿ ತಪ್ಪು ತಿಳಿಯುತ್ತ ಹೋದಂತೆ ಊಹೆ ಪಳಗುತ್ತದೆ. ಕೆಲವು ಸಲ ಇದರ ನಡುವೆಯೇ ಕಿವಿಗೆ ಬೀಳುವ ದನಿಗಳಲ್ಲಿ ಏರುದನಿ ಎಷ್ಟು ಬಂತೆಂದು ಎಣಿಸಬೇಕಿತ್ತು. ಎಣಿಸುತ್ತ ಕಲಿತದ್ದರಲ್ಲೂ ಊಹೆ ಅಷ್ಟೇ ಚೆನ್ನಾಗಿ ಬಂತು. ಆದರೆ ಯಾವ ಚೀಟಿಗೆ ಯಾವ ಹವೆ ಎಂಬುದನ್ನು ಬಿಡಿಸಿ ಕೇಳಿದಾಗ ತಡಕಾಡಿದರು. ಮಿದುಳಿನ ಚಿತ್ರಗಳಲ್ಲಿ ಕಾರಣ ಕಾಣುತ್ತಿತ್ತು. ನಿರಾತಂಕವಾಗಿ ಕಲಿತಾಗ ಹಿಪೊಕ್ಯಾಂಪಸ್ ಕೆಲಸ ಮಾಡಿತ್ತು, ಗಮನ ಹಂಚಿ ಕಲಿತಾಗ ಅಭ್ಯಾಸಗಳನ್ನು ರೂಢಿಸುವ ಸ್ಟ್ರಯೇಟಂ ಎಂಬ ಭಾಗ ಮುಂದೆ ಬಂದಿತ್ತು. ಅರೆಮನಸ್ಸಿನಲ್ಲಿ ಕಲಿತದ್ದು ಕೈಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ, ಸಂದರ್ಭ ಬದಲಾದರೆ ಉಪಯೋಗಕ್ಕೂ ಬರುವುದಿಲ್ಲ. ಟ್ಯೂಶನ್ನಿನಲ್ಲಿ ನೂರು ಲೆಕ್ಕ ಮಾಡಿದ ಹುಡುಗ ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕವನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ಕಂಗಾಲಾಗುವುದನ್ನು ಕಂಡಾಗಲೆಲ್ಲ ನನಗೆ ಈ ಮಳೆ-ಬಿಸಿಲಿನ ಆಟ ನೆನಪಾಗುತ್ತದೆ.

ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಬಂದು, 'ಹಾಕಿದೆನೋ ಇಲ್ಲವೋ' ಎಂದು ನಿಂತುಬಿಡುವುದಕ್ಕೂ ವಿವರಣೆ ಇಲ್ಲಿದೆ. ಬೀಗ ಹಾಕಿದ್ದು ಕೈಯ ರೂಢಿ. ಆ ಹೊತ್ತಿಗೆ ಮನಸ್ಸು ಆಫೀಸಿನ ಮೀಟಿಂಗಿನಲ್ಲಿತ್ತು. ಹಾಗಾಗಿ ಇವತ್ತಿನ ಈ ಬೀಗ ಹಾಕಿದ ಘಟನೆ ಎಂಬುದೊಂದು ದಾಖಲಾಗಲೇ ಇಲ್ಲ. ನಿನ್ನೆಯದು, ಮೊನ್ನೆಯದು ಎಲ್ಲ ಕಲಸಿದ ಒಂದು ಮಸುಕು ಮಾತ್ರ ಸಿಗುತ್ತದೆ. ಸಂಪಿನ ಮೋಟರ್ ಹಾಕಿ ಮರೆತು, ಮೇಲಿನ ಟ್ಯಾಂಕು ತುಂಬಿ ಪಕ್ಕದ ಮನೆಯವರು ಕೂಗುವವರೆಗೆ ಗೊತ್ತಾಗದೇ ಇರುವುದು ಇದಕ್ಕಿಂತ ಬೇರೆ ಜಾತಿಯದು. ಮೋಟರ್ ಹಾಕಿದ್ದು ಕೇಳಿದರೆ ಚೆನ್ನಾಗಿಯೇ ನೆನಪಿರುತ್ತದೆ. ಇನ್ನಿಪ್ಪತ್ತು ನಿಮಿಷಕ್ಕೆ ಆರಿಸಬೇಕು ಎಂಬ ಮುಂದಿನ ಕೆಲಸ ಸರಿಯಾದ ಗಳಿಗೆಯಲ್ಲಿ ತಾನಾಗಿ ತಲೆ ಎತ್ತಬೇಕು, ಆ ಗಳಿಗೆಯಲ್ಲಿ ಮನಸ್ಸು ಬೇರೆಡೆ ಸಿಕ್ಕಿಕೊಂಡಿದ್ದರೆ ಅದು ಎತ್ತುವುದಿಲ್ಲ. ಇದಕ್ಕೆ ಅಲಾರಾಂ ಇಟ್ಟುಕೊಳ್ಳುವುದೇ ವಾಸಿ, ಬುದ್ಧಿವಂತಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಕನ್ನಡದ ಓದುಗರಿಗೆ ಒಂದು ಆಕ್ಷೇಪ ಹೊಳೆದಿರಬೇಕು. ಹಾಗಾದರೆ ಅಷ್ಟಾವಧಾನಿಗಳು?

ಒಳ್ಳೆಯ ಪ್ರಶ್ನೆ, ಟೊರಾಂಟೊದಲ್ಲಿ ಯಾರೂ ಕೇಳಲಾರದ ಪ್ರಶ್ನೆ. ವೇದಿಕೆಯ ಮೇಲೆ ಅವಧಾನಿ ಒಬ್ಬರು, ಸುತ್ತ ಪೃಚ್ಛಕರು. ಒಬ್ಬರು ಅಸಂಬದ್ಧವಾದ ಒಂದು ಕೊನೆಯ ಸಾಲನ್ನು ಕೊಟ್ಟು, ಅದಕ್ಕೆ ಅರ್ಥ ಹುಟ್ಟುವಂತೆ ಪದ್ಯ ಪೂರೈಸಿ ಎನ್ನುತ್ತಾರೆ. ಅದು ಸಮಸ್ಯಾಪೂರಣ. ಇನ್ನೊಬ್ಬರು ಪದ್ಯಕ್ಕೆ ಹೊಂದದ ನಾಲ್ಕು ಪದ ಕೊಟ್ಟು, ಪಾದಕ್ಕೊಂದರಂತೆ ಕೂರಿಸಿ ಎನ್ನುತ್ತಾರೆ. ಅದು ದತ್ತಪದಿ. ನಿಷೇಧಾಕ್ಷರಿಯವರದು ಎಲ್ಲಕ್ಕಿಂತ ಕ್ರೂರ. ಅವಧಾನಿ ಒಂದೊಂದು ಅಕ್ಷರ ಹೇಳಿದಾಗಲೂ, ಮುಂದೆ ಬರಬಹುದಾದ ಅಕ್ಷರ ಇಂಥದ್ದು ಎಂದು ಊಹಿಸಿ ಅದನ್ನು ಬೇಡ ಎನ್ನುತ್ತಾರೆ. ಸಂಖ್ಯಾಬಂಧದವರು ಐದೈದು ಮನೆಗಳ ಚೌಕದಲ್ಲಿ ಎತ್ತಲಿಂದ ಕೂಡಿದರೂ ತಾವು ಹೇಳಿದ ಮೊತ್ತವೇ ಬರಬೇಕೆಂದು, ಸಮಯ ಸಂದರ್ಭ ನೋಡದೆ ಯಾವುದೋ ಒಂದು ಮನೆಯ ಸಂಖ್ಯೆ ಕೇಳುತ್ತಾರೆ. ಇಷ್ಟರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬ ಒಬ್ಬರು ಇರುತ್ತಾರೆ, ಬೇಕಾದಾಗ ಬಾಯಿ ಹಾಕಿ ಅವಧಾನಿಯನ್ನು ಹಾದಿ ತಪ್ಪಿಸುವುದೇ ಅವರ ಉದ್ಯೋಗ. ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತು. ಕಾಗದವಿಲ್ಲ, ಪೆನ್ನಿಲ್ಲ. ಕೊನೆಗೆ ಧಾರಣ, ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸುವುದು. ನಮ್ಮ ಕಾಲದಲ್ಲಿ ಈ ಕಲೆಗೆ ಕನ್ನಡದಲ್ಲಿ ಮರುಜೀವ ಕೊಟ್ಟ ಶತಾವಧಾನಿ ಆರ್. ಗಣೇಶ್ ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ಮಾಡಿದ್ದಾರೆ. 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ, ನೂರು ಪೃಚ್ಛಕರನ್ನಿಟ್ಟುಕೊಂಡು, ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು.

ನೋಡುವವರಿಗೆ ಇದು ಎಂಟು ಕಡೆಗೆ ಏಕಕಾಲದಲ್ಲಿ ಹರಿದ ಗಮನದಂತೆ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸರಿಯಾಗಿ ಗಮನಿಸಿ: ಯಾವ ಗಳಿಗೆಯಲ್ಲಾದರೂ ಅವಧಾನಿಯ ಎದುರಿಗೆ ಇರುವುದು ಒಬ್ಬರೇ ಪೃಚ್ಛಕರು. ಅವರ ಪ್ರಶ್ನೆ ಕೇಳುವಾಗ ಅವಧಾನಿ ಕೇಳುತ್ತಾರೆ, ಬೇರೇನನ್ನೂ ಕಟ್ಟುವುದಿಲ್ಲ. ಪಾದವೊಂದನ್ನು ಮುಗಿಸಿ, ಗಟ್ಟಿಯಾಗಿ ಹೇಳಿ, ಕೆಳಗಿಟ್ಟು, ಮುಂದಿನವರ ಕಡೆ ತಿರುಗುತ್ತಾರೆ. ಹಂಚಿದ್ದು ಕಾಲವನ್ನು. ಗಮನ ಪ್ರತಿಯೊಬ್ಬರಿಗೂ ಇಡಿಯಾಗಿಯೇ ಸಿಕ್ಕಿರುತ್ತದೆ. ಒಳಗೆ ಹಾಕುವ ಗಳಿಗೆಯನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇನ್ನು ಕೆಳಗಿಟ್ಟದ್ದು ಮಾಯವಾಗದೆ ಹೇಗೆ ಉಳಿಯುತ್ತದೆ? ಒಂದು ಕಾರಣ, ಅದು ತಾವೇ ಕಟ್ಟಿದ ಸಾಲು. ಯಾರೋ ಕೊಟ್ಟ ಪದಕ್ಕಿಂತ ತಾನೇ ಹುಡುಕಿ ತಂದ ಪದ ಹೆಚ್ಚು ನೆನಪಿರುತ್ತದೆ ಎಂಬುದನ್ನು ನಾರ್ಮನ್ ಸ್ಲಮೆಕಾ ಮತ್ತು ಪೀಟರ್ ಗ್ರಾಫ್ 1978ರಲ್ಲಿ ತೋರಿಸಿದ್ದರು. ಇನ್ನೊಂದು ಕಾರಣ ನಮ್ಮ ಛಂದಸ್ಸೇ. ಹಳಗನ್ನಡದ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಪ್ರಾಸದಿಂದ ಕೂಡಿರಬೇಕು. ಮೊದಲ ಪಾದ ಹೇಳಿಬಿಟ್ಟರೆ ಉಳಿದ ಮೂರು ಪಾದಗಳ ಬಾಗಿಲಲ್ಲೂ ಯಾವ ವ್ಯಂಜನ ನಿಂತಿದೆ ಎಂದು ಗೊತ್ತಾಗಿಹೋಗುತ್ತದೆ. ಕಂದವಾದರೆ ನಾಲ್ಕು ಮಾತ್ರೆಯ ಗಣಗಳು ಮೊದಲ ಪಾದದಲ್ಲಿ ಮೂರು, ಎರಡನೆಯದರಲ್ಲಿ ಐದು. ಚಂಪಕಮಾಲೆಯಾದರೆ ಪಾದಕ್ಕೆ 21 ಅಕ್ಷರ, ಗುರು ಲಘುಗಳ ಸ್ಥಾನ ಮೊದಲೇ ಗೊತ್ತು. ಹೊರಗೆ ತೆಗೆಯುವಾಗ ತಪ್ಪು ಪದ ಬಂದರೆ ಆ ಜಾಗಕ್ಕೆ ಅದು ಹಿಡಿಸುವುದೇ ಇಲ್ಲ. ಛಂದಸ್ಸು ಕವಿತೆಗೆ ಬೇಡಿ ಎಂದು ನವ್ಯದವರು ಕಿತ್ತೆಸೆದದ್ದು ಸರಿಯೇ ಇರಬಹುದು, ನೆನಪಿಗೆ ಅದು ಏಣಿ ಎಂಬುದಂತೂ ನಿಜ.

ಸಂಖ್ಯಾಬಂಧದಲ್ಲಿ ನೆನಪಿನ ಪಾಲು ನಾವಂದುಕೊಳ್ಳುವುದಕ್ಕಿಂತ ಕಡಿಮೆ ಸಾಕು, ಅದಕ್ಕೊಂದು ಸುಲಭ ಲೆಕ್ಕವಿದೆ. 1ರಿಂದ 25ರವರೆಗಿನ ಸಂಖ್ಯೆಗಳ ಮೊತ್ತ 325. ಐದು ಸಾಲಿಗೆ ಹಂಚಿದರೆ ಸಾಲಿಗೆ 65. ಈ ಮೂಲ ಚೌಕ ಬಾಯಿಪಾಠವಿದ್ದರೆ, ಪೃಚ್ಛಕರು 100 ಎಂದೊಡನೆ ಹೆಚ್ಚುವರಿ 35ನ್ನು ಐದರಿಂದ ಭಾಗಿಸಿ ಪ್ರತಿ ಮನೆಗೂ 7 ಕೂಡಿಸಿದರಾಯಿತು. 103 ಎಂದರೆ ಮಿಕ್ಕ 3ನ್ನು, ಮೂಲದಲ್ಲಿ 21ರಿಂದ 25ರವರೆಗಿನ ಸಂಖ್ಯೆಗಳಿರುವ ಮನೆಗಳಿಗೆ ಮಾತ್ರ ಸೇರಿಸಬೇಕು. ಸರಿಯಾದ ಕ್ರಮದಲ್ಲಿ ಕಟ್ಟಿದ ಚೌಕದಲ್ಲಿ ಆ ಐದೂ ಬೇರೆ ಬೇರೆ ಸಾಲಿನಲ್ಲಿ, ಬೇರೆ ಬೇರೆ ಕಂಬದಲ್ಲಿ ಕೂತಿರುತ್ತವೆ. ಇಪ್ಪತ್ತೈದು ಸಂಖ್ಯೆಗಳ ಬದಲು ಎರಡನ್ನು ಹೊತ್ತು ತಿರುಗಿದರೆ ಸಾಕು. ಅವಧಾನಿಗಳೆಲ್ಲ ಹೀಗೇ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ, ಹೀಗೆ ಮಾಡಲು ಸಾಧ್ಯವಿದೆ. ಇದರಿಂದ ಕಲೆಯ ಹಿರಿಮೆ ಕಡಿಮೆಯಾಗುವುದಿಲ್ಲ. ಅದು ಹುಟ್ಟಿನಿಂದ ಬಂದ ದೊಡ್ಡ ತಲೆಯ ಪವಾಡವಲ್ಲ, ವರ್ಷಗಟ್ಟಲೆ ದುಡಿದು ಕಟ್ಟಿದ ವಿದ್ಯೆ ಎಂದಷ್ಟೇ ಆಗುತ್ತದೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿಯ ಕಥೆ ಇದನ್ನೇ ಇನ್ನೊಂದು ದಾರಿಯಿಂದ ಹೇಳುತ್ತದೆ. 1980ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮೊದಲು ಏಳು ಅಂಕಿ ಹಿಡಿದಿಡಲು ಒದ್ದಾಡುತ್ತಿದ್ದವನು ಒಂದೂವರೆ ವರ್ಷದ ಅಭ್ಯಾಸದ ಕೊನೆಗೆ 79 ಅಂಕಿಗಳನ್ನು ಒಮ್ಮೆ ಕೇಳಿ ಒಪ್ಪಿಸುತ್ತಿದ್ದ. ಅವನು ಓಟಗಾರ, ಅಂಕಿಗಳನ್ನು ಓಟದ ಸಮಯಗಳನ್ನಾಗಿ ಕಲ್ಪಿಸಿಕೊಳ್ಳುತ್ತಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಮತ್ತೆ ಆರಕ್ಕೆ ಇಳಿದ. ನೆನಪಿನ ಶಕ್ತಿ ಎಂಬ ಒಂದು ಸ್ನಾಯು ಬೆಳೆದಿರಲಿಲ್ಲ. ಅಂಕಿಗಳ ವಿಷಯದಲ್ಲಿ ಅವನಿಗೆ ಒಂದು ಛಂದಸ್ಸು ಸಿಕ್ಕಿತ್ತು ಅಷ್ಟೇ.

ಎರಡು ಕೆಲಸ ನಿಜವಾಗಿ ಒಟ್ಟಿಗೇ ಮಾಡಲು ಪಳಗಬಹುದೇ ಎಂಬುದನ್ನೂ ನೋಡಿದವರಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಸ್ಪೆಲ್ಕಿ, ವಿಲಿಯಂ ಹರ್ಸ್ಟ್, ಉಲ್ರಿಕ್ ನೈಸರ್ 1976ರಲ್ಲಿ ಇಬ್ಬರು ವಿದ್ಯಾರ್ಥಿಗಳಿಂದ ಕಥೆ ಓದಿಸುತ್ತ, ಅದೇ ಹೊತ್ತಿಗೆ ಉಕ್ತಲೇಖನ ಬರೆಸಿದರು. ಕೆಲವು ವಾರಗಳ ಅಭ್ಯಾಸದ ಮೇಲೆ ಓದಿನ ವೇಗವೂ ಗ್ರಹಿಕೆಯೂ ಮಾಮೂಲಿಗೆ ಬಂದವು, ಕೈ ತನ್ನ ಪಾಡಿಗೆ ಬರೆಯುತ್ತಿತ್ತು. ಬರೆದ ಪದಗಳ ಗತಿ ಏನಾಯಿತು? ಸಾವಿರಾರು ಪದಗಳಲ್ಲಿ ಅವರಿಗೆ ನೆನಪಿದ್ದದ್ದು ಬೆರಳೆಣಿಕೆಯಷ್ಟು. ಸಾಲಾಗಿ ಒಂದೇ ಗುಂಪಿನ ಪದಗಳನ್ನು ಬರೆಸಿದರೂ ಅದು ಅವರ ಗಮನಕ್ಕೆ ಬಂದಿರಲಿಲ್ಲ. ಮುಂದೆ ಅದನ್ನೂ ಗಮನಿಸುವಂತೆ ತರಬೇತಿ ಕೊಟ್ಟರು, ಅದೂ ಬಂತು. ಆದರೆ ಎಷ್ಟು ದುಡಿತದ ಮೇಲೆ! ಪಕ್ಕದಲ್ಲಿ ರೀಲ್ಸ್ ಇಟ್ಟುಕೊಂಡು ಜೀವಶಾಸ್ತ್ರ ಓದುವವರು ತಮಗೆ 'ರೂಢಿಯಾಗಿದೆ' ಎನ್ನುವಾಗ ಯಾವುದು ರೂಢಿಯಾಗಿದೆ ಎಂದು ಕೇಳಬೇಕು.

ಅಪ್ರಸ್ತುತ ಪ್ರಸಂಗಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೊರಗೆ ತೆಗೆಯುವಾಗ ಅಡ್ಡಿಗಳು ನೆನಪನ್ನು ಅಷ್ಟಾಗಿ ಕೆಡಿಸುವುದಿಲ್ಲ ಎಂದೆನಲ್ಲ, ಅದಕ್ಕೊಂದು ದೊಡ್ಡ ಅಪವಾದವಿದೆ. 2000ದಲ್ಲಿ ಮೈರಾ ಫರ್ನಾಂಡಿಸ್ ಮತ್ತು ಮಾರಿಸ್ ಮಾಸ್ಕೋವಿಚ್ ತೋರಿಸಿದಂತೆ, ಪದಗಳನ್ನು ನೆನೆಸಿಕೊಳ್ಳುತ್ತಿರುವಾಗ ಅಂಕಿಗಳ ಕೆಲಸ ಕೊಟ್ಟರೆ ಸಣ್ಣ ನಷ್ಟ, ಪದಗಳದೇ ಕೆಲಸ ಕೊಟ್ಟರೆ ನೆನಪು ದೊಡ್ಡ ಮಟ್ಟದಲ್ಲಿ ಕುಸಿಯುತ್ತದೆ. ಒಂದೇ ಜಾತಿಯ ಸರಕು ಒಂದೇ ಬಾಗಿಲಲ್ಲಿ ಗುದ್ದಾಡುತ್ತದೆ. ಅಂತ್ಯಾಕ್ಷರಿ ಆಡಿದವರಿಗೆಲ್ಲ ಇದು ಗೊತ್ತು. ಎದುರು ಪಾಳಯದವರು ಹಾಡುತ್ತಿರುವಷ್ಟು ಹೊತ್ತು ನಮ್ಮ ಹಾಡಿನ ಧಾಟಿ ಬಾಯಿಗೆ ಬರುವುದಿಲ್ಲ. ಅವಧಾನವನ್ನು ರೂಪಿಸಿದವರು ಪ್ರಯೋಗಾಲಯವಿಲ್ಲದೆಯೇ ಇದನ್ನು ಕಂಡುಕೊಂಡಿದ್ದರೇನೋ. ಕವಿಯನ್ನು ಕಾಡಲು ಅವರು ಮಾತುಗಾರನನ್ನೇ ನೇಮಿಸಿದರು, ಅದೂ ಹಾಸ್ಯಪ್ರಿಯನಾದ ಮಾತುಗಾರನನ್ನು.

ಮೊಬೈಲನ್ನು ಬೈಯದೆ ಇಂಥ ಲೇಖನ ಮುಗಿಯಬಾರದು ಎಂಬುದು ಸಂಪ್ರದಾಯ. ನಾನು ಸ್ವಲ್ಪ ಜಿಪುಣತನದಿಂದ ಬೈಯುತ್ತೇನೆ, ಏಕೆಂದರೆ ಇಲ್ಲಿ ಉತ್ಪ್ರೇಕ್ಷೆ ಬಹಳ ಓಡಾಡುತ್ತಿದೆ. ಹಲವು ಪರದೆಗಳನ್ನು ಒಟ್ಟಿಗೆ ನೋಡುವವರ ಗಮನಶಕ್ತಿಯೇ ಕೆಟ್ಟಿರುತ್ತದೆ ಎಂದು ಸ್ಟ್ಯಾನ್‌ಫರ್ಡಿನ 2009ರ ಅಧ್ಯಯನವೊಂದು ಹೇಳಿತ್ತು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಒಪ್ಪಿದವು, ಕೆಲವು ಒಪ್ಪಲಿಲ್ಲ. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಬುದ್ಧಿ ಮಂಕಾಗುತ್ತದೆ ಎಂಬ ಮಾತಿನದೂ ಅದೇ ಹಣೆಬರಹ. ಗಟ್ಟಿಯಾಗಿ ಹೇಳಬಹುದಾದದ್ದು ಕಡಿಮೆ, ಆದರೆ ಅಷ್ಟೇ ಸಾಕು. 2013ರಲ್ಲಿ ಕೆನಡಾದ ಫಾರಿಯಾ ಸನಾ ಮತ್ತಿಬ್ಬರು, ತರಗತಿಯಲ್ಲಿ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರಿಗೆ ಪಾಠದ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದನ್ನು ತೋರಿಸಿದರು. ಸ್ವಾರಸ್ಯ ಮುಂದಿದೆ: ಅವರ ಪರದೆ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತ, ತಾವೇನೂ ತಪ್ಪು ಮಾಡದ ಸಹಪಾಠಿಗಳ ಅಂಕವೂ ಇಳಿಯಿತು. ಹಿಂದಿನ ಬೆಂಚಿನವರನ್ನು ಮೇಷ್ಟ್ರುಗಳು ಗದರುತ್ತಿದ್ದರು, ಅಪರಾಧ ಮುಂದಿನ ಬೆಂಚಿನಲ್ಲೂ ಇರಬಹುದು.

ಕ್ಯಾಮೆರಾದ ವಿಷಯ ಇಷ್ಟು ನೇರವಾಗಿಲ್ಲ. ಲಿಂಡಾ ಹೆಂಕೆಲ್ ಎಂಬವರು 2014ರಲ್ಲಿ ಪ್ರಕಟಿಸಿದಂತೆ, ವಸ್ತುಸಂಗ್ರಹಾಲಯದಲ್ಲಿ ಫೋಟೊ ತೆಗೆದ ವಸ್ತುಗಳು, ಬರೀ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಎಂದು ಮನಸ್ಸು ರಜೆ ಹಾಕಿರಬೇಕು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ತೆಗೆದಾಗ ಈ ನಷ್ಟವಾಗಲಿಲ್ಲ, ಚೌಕಟ್ಟಿನ ಹೊರಗಿದ್ದ ಭಾಗವೂ ನೆನಪಿತ್ತು. ಬೇಲೂರಿನ ಗುಡಿಯೆದುರು ಇಡೀ ಗೋಡೆಗೆ ಫೋನು ಹಿಡಿದು ಮುಂದೆ ನಡೆಯುವವರಿಗೂ, ಒಬ್ಬ ಮದನಿಕೆಯ ಬೆರಳಿನ ಉಂಗುರಕ್ಕೆ ಕ್ಯಾಮೆರಾ ಹೊಂದಿಸುತ್ತ ನಿಲ್ಲುವವರಿಗೂ ಇದನ್ನು ಅನ್ವಯಿಸಬಹುದು ಅನ್ನಿಸುತ್ತದೆ.

ಕೊನೆಗೆ ಹಿರಿಯರ ವಿಷಯ. ಕ್ರೇಕ್ ಅವರ ಸಂಶೋಧನೆಯ ದೊಡ್ಡ ಭಾಗ ಮುಪ್ಪಿನ ನೆನಪಿನ ಬಗ್ಗೆಯೇ ಇತ್ತು. ಅವರು ಕಂಡ ಒಂದು ಹೋಲಿಕೆ ನನಗೆ ಬಹಳ ಸಮಾಧಾನ ಕೊಟ್ಟಿದೆ: ಗಮನ ಹಂಚಿಹೋದ ಇಪ್ಪತ್ತರ ಹರೆಯದವರ ನೆನಪು, ಪೂರ್ತಿ ಗಮನ ಕೊಟ್ಟ ವೃದ್ಧರ ನೆನಪನ್ನು ಬಹುಮಟ್ಟಿಗೆ ಹೋಲುತ್ತದೆ. ವಯಸ್ಸಾದಂತೆ ಕಡಿಮೆಯಾಗುವುದರಲ್ಲಿ ಒಳಗೆ ಹಾಕಲು ಬೇಕಾದ ಈ ಬಂಡವಾಳವೂ ಒಂದು. ಒಂದಿಷ್ಟು ಸುಳಿವು ಕೊಟ್ಟರೆ, ಅವಸರ ಮಾಡದಿದ್ದರೆ, ಅಂತರ ಕಿರಿದಾಗುತ್ತದೆ. ಕಲ್ಯಾಣಮಂಟಪದ ವಾಲಗದ ಅಬ್ಬರದಲ್ಲಿ 'ಅಜ್ಜಿ, ಇವನು ಸರೋಜತ್ತೆ ಮೊಮ್ಮಗ' ಎಂದು ಪರಿಚಯಿಸಿ, ಊಟದ ಪಂಕ್ತಿಯಲ್ಲಿ 'ಇವನ್ಯಾರು ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡುವುದು ಅನ್ಯಾಯದ ಪ್ರಶ್ನೆಪತ್ರಿಕೆ. ಮನೆಗೆ ಬರುವ ದಾರಿ ತಪ್ಪುವುದು, ದಿನವೂ ಮಾಡುವ ಅಡುಗೆಯ ಕ್ರಮ ಕೆಡುವುದು ಬೇರೆ ಮಾತು, ಅದನ್ನು ವೈದ್ಯರಿಗೆ ತೋರಿಸಲೇಬೇಕು.

ಆದರೆ ವೈದ್ಯರಲ್ಲಿಗೆ ಹೋದಾಗ ಕಿವಿಯನ್ನೂ ತೋರಿಸಿ. ಪ್ಯಾಟ್ರಿಕ್ ರ‍್ಯಾಬಿಟ್ 1968ರಲ್ಲೇ ಒಂದು ವಿಚಿತ್ರವನ್ನು ಗುರುತಿಸಿದ್ದರು. ಗದ್ದಲದ ನಡುವೆ ಹೇಳಿದ ಪದಗಳನ್ನು ಜನ ಸರಿಯಾಗಿಯೇ ಕೇಳಿಸಿಕೊಂಡು ಮರುನುಡಿಯುತ್ತಾರೆ, ಆದರೂ ಸ್ವಲ್ಪ ಹೊತ್ತಿನ ಮೇಲೆ ಅವು ಅವರಲ್ಲಿ ಉಳಿದಿರುವುದು ಕಡಿಮೆ. ಕೇಳಿಸಿಕೊಳ್ಳುವ ಶ್ರಮಕ್ಕೇ ಗಮನ ಖರ್ಚಾಗಿಹೋಗಿ, ಇಟ್ಟುಕೊಳ್ಳಲು ಮಿಕ್ಕಿರುವುದಿಲ್ಲ. ಕಿವಿ ಮಂದವಾದ ಹಿರಿಯರಲ್ಲೂ ಮುಂದೆ ಇದೇ ಕಂಡುಬಂತು: ಕೊನೆಯ ಪದವನ್ನು ತಪ್ಪಿಲ್ಲದೆ ಹೇಳುತ್ತಾರೆ, ಅದರ ಹಿಂದಿನವು ಜಾರಿರುತ್ತವೆ. ಬ್ಯಾಂಕಿನ ಕೌಂಟರಿನಲ್ಲಿ ಗಾಜಿನ ಆಚೆಯಿಂದ ಹೇಳಿದ ಮೂರು ಸೂಚನೆಗಳಿಗೆ ತಾತ 'ಆಯ್ತು, ಆಯ್ತು' ಎಂದು ತಲೆಯಾಡಿಸಿರುತ್ತಾರೆ, ಮನೆಗೆ ಬಂದು ಕೇಳಿದರೆ ಮೂರನೆಯದು ಮಾತ್ರ ಇರುತ್ತದೆ. ಅವರನ್ನು ಮರೆಗುಳಿ ಎನ್ನುತ್ತೇವೆ. ಮೊದಲ ಎರಡು ಸೂಚನೆಗಳು ಕಿವಿ ದಾಟುವಷ್ಟರಲ್ಲೇ ಅವರ ಕೈಲಿದ್ದ ಗಮನವೆಲ್ಲ ಮುಗಿದಿರುತ್ತದೆ.